ಐಬು ಹೇಳಿ ಕೊಳ್ಳುತ್ತಿದ್ದವರು

ಕಳೆದ ತಿಂಗಳು ಬ್ಯಾಡಗಿಯ ಮೆಣಸಿನಕಾಯಿ ವರ್ತಕರು ಸೇರಿ ನಮ್ಮ ಮನೆಯ ಮಾಲೀಕರಿಗೊಂದು ಶ್ರದ್ಧಾಂಜಲಿ ಸಭೆ ಮಾಡಿದರು. ಮಾತಾಡಿದವರು ಒಂಬತ್ತು ಮಂದಿ, ಒಂಬತ್ತೂ ಮಂದಿ ಅವರನ್ನು ಹೊಗಳಿದರು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ನನಗೆ, ಹಾರ ಹಾಕಿದ ಫೋಟೋದೊಳಗೆ ಅವರ ಮುಖ ಸಪ್ಪಗಾದಂತೆ ಕಂಡಿತು. ಯಾಕೆಂದರೆ ಅವರ ಲೆಕ್ಕದಲ್ಲಿ ಹೊಗಳಿಕೆಗೆ ಇದ್ದ ಅರ್ಥ ಒಂದೇ: ಈ ಮಾಲು ನಮಗೆ ಬೇಡ.

ಅವರು ನಲವತ್ತು ವರ್ಷ ದೊಡ್ಡ ಖರೀದಿದಾರರೊಬ್ಬರ ಪರವಾಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ನೋಡುತ್ತಿದ್ದವರು. ಸೋಮವಾರ, ಗುರುವಾರ ದಲಾಲರ ಅಂಗಡಿಗಳ ಮುಂದೆ ಮಾಲು ಸುರಿದಾಗ ಅವರು ಒಂದೊಂದು ರಾಶಿಯ ಮುಂದೆಯೂ ಕುಕ್ಕರಗಾಲಲ್ಲಿ ಕುಳಿತು, ತೋಳನ್ನು ಮೊಣಕೈವರೆಗೆ ಒಳಕ್ಕೆ ತೂರಿಸಿ, ತಳದಿಂದ ಒಂದು ಹಿಡಿ ಎಳೆದು ತೆಗೆಯುತ್ತಿದ್ದರು. ಒಂದು ಕಾಯಿ ಮುರಿದು ಮೂಸುವರು. ಇನ್ನೊಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಬೀಜದ ಸದ್ದು ಕೇಳುವರು. ಆಮೇಲೆ ನಾಲ್ಕು ಅಂಗಡಿಗೆ ಕೇಳುವಂತೆ ಬೈಗುಳ ಶುರುವಾಗುತ್ತಿತ್ತು. ಬಣ್ಣ ಇಲ್ಲ, ತಳದಾಗ ಹಸಿ ಐತಿ, ಬಿಳಿಗಾಯಿ ಭಾಳ. ಯಾವ ರಾಶಿಗೆ ಹೆಚ್ಚು ಬೈದರೋ ಅದಕ್ಕೇ ಅವರು ಬೆಲೆ ಹಾಕಿ ಟೆಂಡರ್ ಚೀಟಿ ಬರೆಯುತ್ತಿದ್ದರು. ಬೇಡವಾದ ರಾಶಿಗೆ, "ಆಹಾ, ಏನ್ ಮಾಲು! ಏನ್ ಮಾಲು!" ಎಂದು ಮುಂದೆ ಹೋಗುತ್ತಿದ್ದರು.

ಉಳಿದ ಖರೀದಿದಾರರು ಮೋಸಹೋಗಲಿ ಎಂಬುದು ಉಪಾಯ. ಆದರೆ ನಲವತ್ತು ವರ್ಷದಲ್ಲಿ ಅದು ಹಮಾಲರಿಗೂ ತಿಳಿದುಹೋಗಿತ್ತು. ಅವರು ಬೈಯಲು ಶುರುಮಾಡಿದರೆ ಸಾಕು, ಇನ್ನೂ ಮೂವರು ಬಂದು ಅದೇ ರಾಶಿಗೆ ಚೀಟಿ ಬರೆಯುತ್ತಿದ್ದರಂತೆ. ಇಡೀ ಮಾರುಕಟ್ಟೆಗೆ ಗೊತ್ತಿದ್ದ ಈ ಗುಟ್ಟು ಅವರೊಬ್ಬರಿಗೆ ಮಾತ್ರ ಕೊನೆಯವರೆಗೂ ಗುಟ್ಟಾಗಿಯೇ ಇತ್ತು.

ಸಭೆಯಲ್ಲಿ ಯಾರೂ ಇದನ್ನು ಹೇಳಲಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ನಾವು ಅವರನ್ನು ಕಾಕಾ ಎನ್ನುತ್ತಿದ್ದೆವು, ಅವರ ಹೆಂಡತಿಯನ್ನು ಕಾಕು. ಬ್ಯಾಡಗಿಯ ಅವರ ಮನೆಯ ಮಹಡಿಯಲ್ಲಿ ಹನ್ನೊಂದು ವರ್ಷದಿಂದ ನಾವು ಬಾಡಿಗೆಗೆ ಇದ್ದೇವೆ. ಅಪ್ಪನಿಗೆ ಹಾವೇರಿಯಿಂದ ಇಲ್ಲಿಯ ಬ್ಯಾಂಕಿಗೆ ವರ್ಗವಾದಾಗ ಮನೆ ನೋಡಲು ಬಂದಿದ್ದೆವು. ಕಾಕಾ ಮನೆ ತೋರಿಸುವುದು ಬಿಟ್ಟು ನಮ್ಮನ್ನೇ ನೋಡಿದರು.

"ನಿಮ್ದು ಬದಲಿ ಆಗೂ ನೌಕರಿ, ಇವತ್ತ ಇದ್ದು ನಾಳೆ ಹೋಗಾವ್ರು," ಎಂದರು ಅಪ್ಪನಿಗೆ. "ನಿಮ್ಮ ಮನಿಯವ್ರಿಗೆ ಘಾಟು ತಡಿಯಂಗಿಲ್ಲ, ಬಂದಾಗಿಂದ ನಾಕು ಸಲ ಸೀನ್ಯಾರ. ಈ ಹುಡುಗಿ ಅಂತೂ ಮಾತ ಆಡಂಗಿಲ್ಲ. ಮಹಡಿ ಮ್ಯಾಲ ಅದಾಳೋ ಇಲ್ಲೋ ನಮಗ ಹೆಂಗ ತಿಳೀಬೇಕು?"

ಅಪ್ಪ ನಮಸ್ಕಾರ ಹೇಳಿ ನಮ್ಮನ್ನು ಬಸ್‌ಸ್ಟ್ಯಾಂಡಿಗೆ ಕರೆದುಕೊಂಡು ಹೋದ. "ಅವ್ರಿಗೆ ಕೊಡೂ ಮನಸಿಲ್ಲ ಬಿಡು," ಎಂದ. ಹಾವೇರಿಯ ಬಸ್ಸು ಹತ್ತುವಾಗ ಕಾಕಾ ಸೈಕಲ್ ತುಳಿದುಕೊಂಡು, ಏದುಸಿರು ಬಿಡುತ್ತ ಬಂದರು. "ಏನ್ ಮಂದೀರಿ ನೀವು? ಕೀಲಿ ಬಿಟ್ಟ ಹೊಂಟೀರಲ್ಲ?"

ಮನೆಗೆ ಬೇಕಾದ ಸಾಮಾನು ಕೊಳ್ಳುವುದೂ ಹೀಗೆಯೇ. ಫ್ರಿಜ್ಜು ಬರಲು ಮೂರು ವರ್ಷ ಹಿಡಿಯಿತು. ರಾಣೇಬೆನ್ನೂರಿನ ಅಂಗಡಿಯೊಂದರಲ್ಲಿ ಅವರು ಅದರ ಬಾಗಿಲು ತೆರೆದು ಮುಚ್ಚಿ, ತೆರೆದು ಮುಚ್ಚಿ, ಕೊನೆಗೆ ತಲೆ ಒಳಗೆ ಹಾಕಿ ಸದ್ದು ಕೇಳುತ್ತ ನಿಂತಾಗ ಬೇರೆ ಗಿರಾಕಿಗಳು ಹೊರಗೆ ಹೋದರಂತೆ. ಇದನ್ನು ಹೇಳಿದ್ದು ಕಾಕು. ಕಟ್ಟೆಯ ಮೇಲೆ ಕುಳಿತು ಅಕ್ಕಿ ಆರಿಸುತ್ತ, ಒಳಗಿದ್ದ ಗಂಡನಿಗೆ ಕೇಳುವಂತೆ ಹೇಳುತ್ತಿದ್ದರು.

"ಫ್ರಿಜ್ಜಿಂದೇನ್ ಬಿಡವ್ವಾ. ನನ್ನ ನೋಡಾಕ ಬಂದಾಗ ಏಳು ಐಬು ಹೇಳಿದ್ರು ನಿಮ್ಮ ಕಾಕಾ. ಹಲ್ಲು ಮುಂದ, ದನಿ ಜೋರು, ನಡಿಗಿ ಲಗೂ... ನಮ್ಮಪ್ಪ ಅಳಾಕ ಹತ್ತಿದ್ದ."

"ಎಂಟು," ಎಂದರು ಒಳಗಿನಿಂದ ಕಾಕಾ.

"ಎಂಟನೇದು ಯಾವುದ್ರಿ?"

"ಎಣಿಕಿ ಬರಂಗಿಲ್ಲ."

ನನ್ನ ವಿಷಯವನ್ನು ನಾನು ಸಾಮಾನ್ಯವಾಗಿ ಯಾರಿಗೂ ಹೇಳುವುದಿಲ್ಲ. ನನ್ನ ಪರವಾಗಿ ಅವ್ವ ಎಲ್ಲರಿಗೂ ಹೇಳುತ್ತಾಳೆ. ಹಾಗಾಗಿ ನನ್ನ ಲ್ಯಾಪ್‌ಟಾಪು ಸಾಯುತ್ತಿದೆ ಎಂಬ ಸುದ್ದಿ ಕಾಕಾನಿಗೆ ತಲುಪಿತು. ನಾನು ಭೂಗೋಳಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದೆ. ಐರಣಿಯಿಂದ ಕುಮಾರಪಟ್ಟಣದವರೆಗೆ ತುಂಗಭದ್ರೆಯ ದಂಡೆ ಮೂವತ್ತು ವರ್ಷದಲ್ಲಿ ಎಲ್ಲೆಲ್ಲಿ ಸರಿದಿದೆ ಎಂಬುದನ್ನು ಉಪಗ್ರಹದ ಚಿತ್ರಗಳಿಂದ ಅಳೆಯುವ ಕೆಲಸ. ಒಂದು ಚಿತ್ರ ತೆರೆಯಲು ಕೊಟ್ಟು ಅಡುಗೆಮನೆಗೆ ಹೋಗಿ, ಚಹಾ ಕುದಿಸಿ, ಕುಡಿದು, ಲೋಟ ತೊಳೆದಿಟ್ಟು ಬಂದರೂ ಹೊಳೆ ಅರ್ಧಕ್ಕೇ ನಿಂತಿರುತ್ತಿತ್ತು. ಮೆಮೊರಿ ಹೆಚ್ಚಿಸೋಣವೆಂದರೆ ಅದನ್ನು ಒಳಗಿನ ಬೋರ್ಡಿಗೇ ಬೆಸೆದುಬಿಟ್ಟಿದ್ದರು. ಬ್ಯಾಟರಿ ಉಬ್ಬಿ ಅಂಟಿಕೊಂಡಿತ್ತು. ತೋರಿಸಿದ ಕಡೆಯೆಲ್ಲ ಒಂದೇ ಮಾತು: ಹೊಸಾದು ತಗೋರಿ.

ಹೊಸದಕ್ಕೆ ವಿಶ್ವವಿದ್ಯಾಲಯದಿಂದ ಹಣ ಮಂಜೂರಾಗಿತ್ತು. ಅದು ಸಿಗುವುದು ಒಂದೇ ಸಲ. ಮಾರ್ಚ್ ಮುಗಿಯುವುದರೊಳಗೆ ಬಿಲ್ಲು ಒಪ್ಪಿಸದಿದ್ದರೆ ವಾಪಸು ಹೋಗುತ್ತದೆ. ತಪ್ಪು ಯಂತ್ರ ತಂದರೆ ಇನ್ನೊಂದು ತರುವ ದಾರಿ ನನಗಿರಲಿಲ್ಲ. ಪ್ರಬಂಧ ಅಲ್ಲಿಗೇ ನಿಲ್ಲುತ್ತಿತ್ತು. ಮಾಲೀಕರೇ ಬಿಚ್ಚಿ, ಭಾಗ ಬದಲಿಸಿ, ಬೇಕಾದಾಗ ಮೆಮೊರಿ ಹೆಚ್ಚಿಸಬಹುದಾದ ಒಂದು ಲ್ಯಾಪ್‌ಟಾಪಿನ ಬಗ್ಗೆ ನಾನು ಎರಡು ತಿಂಗಳಿಂದ ಗುಟ್ಟಾಗಿ ಓದುತ್ತಿದ್ದೆ.

"ಏನವ್ವಾ, ಕಂಪ್ಯೂಟರ್ ತಗೋಳಾಕತ್ತೀಯಂತ?"

ನಾನು ಅವ್ವನ ಕಡೆ ನೋಡಿದೆ. ಅವ್ವ ತುಳಸಿಗಿಡದ ಕಡೆ ನೋಡಿದಳು.

"ಇನ್ನೂ ನೋಡಾಕತ್ತೇನ್ರಿ ಕಾಕಾ. ಎರಡು ತಿಂಗಳಾತು."

"ಎರಡು ತಿಂಗಳಂದ್ರ ಬರೇ ಮ್ಯಾಲ ಕೈಯಾಡಿಸಿದಂಗಾತು. ಕುಂದ್ರು. ಹೇಳು."

"ಅದರ ಬ್ಯಾಟರಿ ನಾವ ಬದಲಿ ಮಾಡಬಹುದ್ರಿ. ಮೆಮೊರಿ ಆಮ್ಯಾಲೆ ಹೆಚ್ಚು ಮಾಡಬಹುದು. ಕೀಲಿಮಣಿ ಕೆಟ್ರ ಅದೊಂದನ್ನ..."

ಅವರು ಕೈ ಎತ್ತಿದರು. "ನೀ ಏನ್ ಅದನ್ನ ಮಾರಾಕ ಕುಂತೀಯೇನು? ಗುಣ ಹೇಳಾಕ ಮಾರಾವ್ರು ಅದಾರ, ಅವ್ರಿಗೆ ಪಗಾರ ಬರತೈತಿ. ತಗೋಳಾವ್ರು ಐಬು ಹೇಳಬೇಕು. ತಗೋಳೂಕಿಂತ ಮೊದಲ ಹೇಳಿದ್ರ ಅದು ಐಬು. ತಗೊಂಡ ಮ್ಯಾಲ ಹೇಳಿದ್ರ ಅದು ಅಳು."

ನಾನು ಮಹಡಿಗೆ ಹೋಗಿ ನೋಟ್‌ಬುಕ್ ತಂದೆ.

"ದಪ್ಪ ಐತ್ರಿ."

"ಎಷ್ಟು?"

"ನನ್ನ ಹಳೇದಕ್ಕಿಂತ ಮೂರು ಮಿಲಿಮೀಟರ್."

"ಕೇಳಿದೇನು?" ಎಂದರು ಕಾಕುವಿಗೆ. "ಇಕಿ ಐಬಿಗೂ ಪಟ್ಟಿ ಹಿಡೀತಾಳ. ಮುಂದ?"

ಅದೇ ಬೆಲೆಗೆ ಬಿಚ್ಚಲು ಬಾರದ, ಮುಚ್ಚಿದ ಲ್ಯಾಪ್‌ಟಾಪು ಕೊಂಡರೆ ಇದಕ್ಕಿಂತ ವೇಗದ್ದು ಬರುತ್ತದೆ ಎಂದೆ. ಒಮ್ಮೆ ಚಾರ್ಜು ಮಾಡಿದರೆ ಬಹಳ ಹೊತ್ತು ನಡೆಯುವುದಿಲ್ಲ. ಜೋರು ಕೆಲಸ ಕೊಟ್ಟರೆ ಫ್ಯಾನು ಸದ್ದು ಮಾಡುತ್ತದೆ. ಬ್ಯಾಡಗಿ ಹೋಗಲಿ, ಹಾವೇರಿ ಜಿಲ್ಲೆಯಲ್ಲೇ ಅದನ್ನು ಮಾರುವ ಅಂಗಡಿ ಇಲ್ಲ, ರಿಪೇರಿ ಮಾಡುವವರೂ ಇಲ್ಲ. ಭಾಗ ಹೋದರೆ ಕಂಪನಿಗೆ ಬರೆದು, ಹೊರದೇಶದಿಂದ ಬರುವವರೆಗೆ ಕಾಯಬೇಕು.

"ಕಂಪನಿ ಮುಚ್ಚಿದ್ರ?"

"ಭಾಗ ಸಿಗಂಗಿಲ್ರಿ."

"ಹಂಗಾರ ನಿನ್ನ ಬಿಚ್ಚೂ ಮಿಷಿನ್ ಬಿಚ್ಚಿಟ್ಟ ಮಿಷಿನ್ ಆಕ್ಕೈತಿ."

"ನಮ್ಮ ಮನಿಯಾಗೊಂದು ಐತಿ ನೋಡು ಹಂಗ," ಎಂದರು ಕಾಕು. "ಮಾಡಿದ ಕಂಪನಿ ಮುಚ್ಚಿ ಭಾಳ ವರ್ಷಾತು. ಮೊಣಕಾಲಿಗೆ ಎಲ್ಲೂ ಭಾಗ ಸಿಗಾಕತ್ತಿಲ್ಲ."

ಕಾಕಾ ಕಾಲು ಮಡಚಿಕೊಂಡರು. ಆಮೇಲೆ ನನಗೆ ಅವರ ವಿದ್ಯೆ ಹೇಳಿಕೊಟ್ಟರು. ಮೆಣಸಿನಕಾಯಿಯಲ್ಲಿ ಎಲ್ಲ ಐಬೂ ಒಂದೇ ಅಲ್ಲವಂತೆ. ಹಸಿ ಇದ್ದರೆ ಅದು ಬಿಸಿಲಿಗೆ ಹೋಗುವ ಐಬು, ಎರಡು ದಿನ ಹರವಿದರೆ ಮುಗಿಯಿತು. ಕಾಯಿ ಗಿಡ್ಡ ಇದ್ದರೆ ಅದು ಇದ್ದಷ್ಟೇ ಇರುತ್ತದೆ, ಬೆಳೆಯುವುದೂ ಇಲ್ಲ, ಕರಗುವುದೂ ಇಲ್ಲ. ಅಂಜಬೇಕಾದದ್ದು ಬೂಷ್ಟಿಗೆ. ಇವತ್ತು ಒಂದು ಕಾಯಿಯಲ್ಲಿದ್ದರೆ ಆರು ತಿಂಗಳಿಗೆ ಚೀಲವೆಲ್ಲ ಅದೇ.

"ನಿನ್ನ ಪಟ್ಟಿಯಾಗ ಚೀಲದಾಗ ಬೆಳಿಯೂ ಐಬು ಯಾವುವು? ಅವಷ್ಟ ಬ್ಯಾರೆ ಬರಿ."

ನಾನು ಬರೆಯುತ್ತ ಹೋದೆ. ದಪ್ಪ ಇದ್ದಷ್ಟೇ ಇರುತ್ತದೆ. ಫ್ಯಾನಿನ ಸದ್ದು ಧೂಳಿಗೆ ಬೆಳೆಯುತ್ತದೆ, ಬಿಚ್ಚಿ ಒರೆಸಿದರೆ ಹೋಗುತ್ತದೆ. ಬ್ಯಾಟರಿಯದೂ ಹಾಗೆಯೇ. ಮುಚ್ಚಿದ ಲ್ಯಾಪ್‌ಟಾಪಿನ ಐಬುಗಳು ಎಣಿಕೆಯಲ್ಲಿ ಕಡಿಮೆ, ಆದರೆ ಮೆಮೊರಿ ಸಾಲದೆ ಹೋಗುವುದು, ಬ್ಯಾಟರಿ ಉಬ್ಬುವುದು, ಎಲ್ಲವೂ ಚೀಲದೊಳಗೆ ಬೆಳೆಯುವಂಥವು. ಎರಡು ತಿಂಗಳು ಓದಿ ನನಗೆ ಹೊಳೆಯದ ಲೆಕ್ಕ ಕಟ್ಟೆಯ ಮೇಲೆ ಅರ್ಧ ಗಂಟೆಯಲ್ಲಿ ಹೊಳೆಯಿತು. ಇಲ್ಲಿಗೆ ಮುಗಿಯಿತೆಂದು ನೋಟ್‌ಬುಕ್ ಮುಚ್ಚಿದೆ.

"ಮುಚ್ಚಿದಿ ಯಾಕ? ಇನ್ನೂ ಮಾಲು ನೋಡೇ ಇಲ್ಲ," ಎಂದರು.

ಮರುದಿನ ಅವರು ಟೊಪ್ಪಿಗೆ ಹಾಕಿಕೊಂಡು ನನ್ನನ್ನು ರಾಣೇಬೆನ್ನೂರಿಗೆ ಕರೆದೊಯ್ದರು. ಅಲ್ಲಿಯ ಅಂಗಡಿಯವರು ಒಳ್ಳೆಯ ಮನುಷ್ಯರು. ಕಾಕಾ ಯಾರೆಂದು ಅವರಿಗೆ ಗೊತ್ತಿರಲಿಲ್ಲ. ತೆಳ್ಳನೆಯ, ಮುಚ್ಚಿದ ಲ್ಯಾಪ್‌ಟಾಪೊಂದನ್ನು ಗಾಜಿನ ಮೇಲಿಟ್ಟರು. ಕಾಕಾ ಅದರ ಗಾಳಿಕಿಂಡಿಗೆ ಮೂಗು ಹಚ್ಚಿದರು. ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಅಂಗಡಿಯವರು ಎರಡೂ ಕೈ ಮುಂದೆ ಚಾಚಿದರು.

"ಇದರ ತಳ ತಗೀರಿ."

"ತಗಿಯಾಕ ಬರಂಗಿಲ್ರಿ. ತಗದ್ರ ಗ್ಯಾರಂಟಿ ಹೋಕ್ಕೈತಿ."

ತಳ ನೋಡಲು ಬಿಡದ ಮಾಲು! ಕಾಕಾನ ಮುಖ ಅರಳಿತು. "ಆಹಾ! ಏನ್ ಚಂದ ಐತಿ! ಎಷ್ಟು ತೆಳ್ಳಗ, ಹಪ್ಪಳ ಇದ್ದಂಗ! ಮುಖಾ ಕಾಣತೈತಿ ನೋಡ್ರಿ ಇದರಾಗ. ಇಂಥಾದ್ದು ನಾ ನೋಡೇ ಇಲ್ಲ."

ನಾನು ಅವರ ತೋಳು ಜಗ್ಗಿದೆ. ಅವರು ನಿಲ್ಲಿಸಲಿಲ್ಲ. ಅಂಗಡಿಯವರು ಚಹಾ ತರಿಸಿದರು. ನಾವು ಚಹಾ ಮುಗಿಸುವುದರೊಳಗೆ ಯಂತ್ರ ಡಬ್ಬಿಯೊಳಗೆ ಹೋಗಿತ್ತು.

"ಬಿಲ್ ಯಾರ ಹೆಸರಲೇ ಮಾಡ್ಲಿ ಅಂಕಲ್?"

"ಬಿಲ್ ಯಾಕ?"

"ಯಾಕಂದ್ರ... ಅಲ್ರಿ, ನೀವ ಅಂದ್ರೆಲ್ಲ, ಭಾಳ ಚಲೋ ಐತಿ ಅಂತ?"

"ಚಲೋ ಐತಿ ಅಂದೆ. ಬೇಕು ಅಂದ್ನೇನು?"

ಅಂಗಡಿಯವರು ನನ್ನ ಕಡೆ ನೋಡಿದರು. ನಾನು ನೆಲದ ಟೈಲ್ಸು ಎಣಿಸುತ್ತಿದ್ದೆ. ಅಲ್ಲಿಂದ ಹೊರಬಂದು ಬಸ್ಸು ಹತ್ತುವವರೆಗೂ ಕಾಕಾ, ಆ ಊರಲ್ಲಿ ವ್ಯಾಪಾರ ತಿಳಿದವರು ಯಾರೂ ಇಲ್ಲವೆಂದು ಬೇಸರ ಮಾಡಿಕೊಂಡರು.

ಬಿಚ್ಚುವ ಲ್ಯಾಪ್‌ಟಾಪು ನೋಡಲು ಅಂಗಡಿ ಇರಲಿಲ್ಲ. ಅದನ್ನು ಬಳಸುವವರು ಪರಸ್ಪರ ಬರೆದುಕೊಳ್ಳುವ ಒಂದು ವೆಬ್‌ಸೈಟಿನಲ್ಲಿ ಹಾವೇರಿಯವರೊಬ್ಬರು ಸಿಕ್ಕರು. ಹಲ್ಲಿನ ಡಾಕ್ಟರು, ಮೈಸೂರು ಕಡೆಯ ಹೆಣ್ಣುಮಗಳು, ಮದುವೆಯಾಗಿ ಇಲ್ಲಿಗೆ ಬಂದವರು. ಅವರಿಗೆ ನಾಲ್ಕು ಸಾಲಿನ ಸಂದೇಶ ಬರೆಯಲು ನನಗೆ ಎರಡು ದಿನ ಹಿಡಿದಿತ್ತು. ಮಧ್ಯಾಹ್ನ ಪೇಷಂಟು ಇಲ್ಲದ ಹೊತ್ತಿಗೆ ಬನ್ನಿ ಎಂದರು.

ಡಾಕ್ಟರು ತಮ್ಮ ಯಂತ್ರವನ್ನು ಬಾಯಿತುಂಬ ಹೊಗಳಿದರು. ಕಾಕಾ ಕೊನೆಯವರೆಗೂ ಕೇಳಿದರು.

"ಹೌದ್ರಿ. ಎಷ್ಟ್ ಸಲ ಬಿಚ್ಚೀರಿ ಇದನ್ನ?"

"ಬಿಚ್ಚಿ... ಇಲ್ಲ. ಬಿಚ್ಚೋ ಅಂಥದ್ದೇನೂ ಬಂದಿಲ್ಲ ಅಂಕಲ್."

"ಎಷ್ಟ್ ವರ್ಷಾತ್ರಿ?"

"ಎರಡು."

"ನಿಮ್ಮ ಮಿಷಿನ್ ನೀವ ಬಿಚ್ಚಿಲ್ಲಂದ್ರ, ಅದನ್ನ ಬಿಚ್ಚಾಕ ಬರತೈತಿ ಅಂತ ಹೆಂಗ ಹೇಳ್ತೀರಿ?"

ಡಾಕ್ಟರು ಮೇಜಿನ ಖಾನೆಯಿಂದ ಯಂತ್ರದ ಜೊತೆ ಬಂದಿದ್ದ ಸ್ಕ್ರೂಡ್ರೈವರ್ ತೆಗೆದರು. ಅದರ ಪ್ಲಾಸ್ಟಿಕ್ ಚೀಲ ಇನ್ನೂ ಹರಿದಿರಲಿಲ್ಲ. ಮೇಜಿನ ಮೇಲೆ ಬೆಳಕು ಸಾಲದೆಂದು ಲ್ಯಾಪ್‌ಟಾಪನ್ನು ಪೇಷಂಟಿನ ಕುರ್ಚಿಯ ಮೇಲೆ ಬೋರಲು ಮಲಗಿಸಿದೆವು. ಡಾಕ್ಟರು ದೀಪ ಎಳೆದು ಹಿಡಿದರು, ನಾನು ಐದು ಸ್ಕ್ರೂ ಸಡಿಲಿಸಿದೆ, ತಿರುಗಿಸಿ ಕೀಲಿಮಣೆಯ ಹಲಗೆ ಎತ್ತಿದೆ. ಒಳಗೆ ಬ್ಯಾಟರಿ, ಮೆಮೊರಿ, ಡಿಸ್ಕು ಎಲ್ಲ ಹೆಸರು ಬರೆದುಕೊಂಡು ಸಾಲಾಗಿ ಕುಳಿತಿದ್ದವು. ಅದನ್ನು ನೋಡಿ ನನಗಾದ ಸಂತೋಷವನ್ನು ಇಲ್ಲಿ ಬರೆಯುವುದಿಲ್ಲ.

ಕಾಕಾ ಬಗ್ಗಿ ನೋಡಿ ಬೈಯಲು ಶುರುಮಾಡಿದರು. ಫ್ಯಾನಿನಲ್ಲಿ ಧೂಳು. ಮುಚ್ಚಳದ ಕೀಲು ಸಡಿಲ, ಅಲ್ಲಾಡಿಸಿದರೆ ಬಾಗುತ್ತದೆ. ಎಲ್ಲ ಕಡೆ ಸಂದು ಕಾಣುತ್ತವೆ. ಹೊರಲು ಭಾರ. ಕೆಳಗೆ ಕೆಂಡದ ಹಾಗೆ ಬಿಸಿ. ನಾನು ಗಡಿಯಾರ ನೋಡಿದೆ. ಇಪ್ಪತ್ತೈದು ನಿಮಿಷ ನಡೆಯಿತು. ಡಾಕ್ಟರ ಮುಖ ಕೆಂಪಗಾಯಿತು.

"ಅಲ್ಲ ಅಂಕಲ್, ನನ್ ಲ್ಯಾಪ್‌ಟಾಪ್‌ನ ಇಷ್ಟೊಂದ್ ಬೈತಾ ಇದೀರಲ್ಲ, ಇಷ್ಟ ಆಗ್ದೇ ಇದ್ರೆ ಯಾಕ್ ನೋಡೋಕ್ ಬಂದ್ರಿ?"

"ಬೈಯಾಕತ್ತಿಲ್ರಿ ಡಾಕ್ಟರ್ ಬಾಯಾರ, ನೋಡಾಕತ್ತೇನಿ," ಎಂದು ಕಾಕಾ ಮತ್ತೆ ಫ್ಯಾನಿನ ಕಡೆ ಬಗ್ಗಿದರು.

ನಾನು ಡಾಕ್ಟರನ್ನು ಪಕ್ಕಕ್ಕೆ ಕರೆದು, ಅದು ಕಾಕಾನಿಗೆ ಬಹಳ ಹಿಡಿಸಿದೆ ಎಂದು ತಿಳಿಸಿ ಹೇಳಿದೆ. ಡಾಕ್ಟರು ನಂಬಿದಂತೆ ಕಾಣಲಿಲ್ಲ.

ಹಾವೇರಿಯಿಂದ ಬರುವ ಬಸ್ಸಿನಲ್ಲಿ ಕಾಕಾ ಮೋಟೆಬೆನ್ನೂರು ಬರುವವರೆಗೆ ನನ್ನ ನೋಟ್‌ಬುಕ್ಕಿನ ಪಟ್ಟಿ ಓದುತ್ತಿದ್ದರು. ಬಸ್ಸು ಬ್ಯಾಡಗಿಯ ಕಡೆ ತಿರುಗಿದ ಮೇಲೆ, "ಒಂದು ಐಬು ನೀ ಬರಕೊಂಡಿಲ್ಲ," ಎಂದರು.

"ಯಾವುದ್ರಿ?"

"ನೀನ."

ನಾನು ಅವರ ಕಡೆ ತಿರುಗಿದೆ.

"ಮುಚ್ಚಿದ ಮಿಷಿನ್ ಕೆಟ್ರ ಅಂಗಡಿಯಾಗ ಇಟ್ಟ ಬರ್ತಿ, ಬಾಯಿ ಬಿಡೂ ಕೆಲಸಿಲ್ಲ. ಇದು ಕೆಟ್ರ ಹಂಗಲ್ಲ. ಗೊತ್ತಿದ್ದವ್ರನ್ನ ಕೇಳಬೇಕು, ಗೊತ್ತಿಲ್ದವ್ರನ್ನೂ ಕೇಳಬೇಕು. ನೀ ಕೇಳಾಕಿ ಅಲ್ಲ. ಮನಿಗೆ ಬೆಂಕಿ ಬಿದ್ರೂ, ಬಾಜೂ ಮನಿಯವ್ರಿಗೆ ಬಕೀಟು ಹೆಂಗ ಕೇಳೂದು ಅಂತ ವಿಚಾರ ಮಾಡ್ಕೋತ ಕುಂದ್ರಾಕಿ."

ನನಗೆ ಸಿಟ್ಟು ಬಂತು. ಸಿಟ್ಟು ಬಂದಾಗಲೂ ನಾನು ಸಣ್ಣ ದನಿಯಲ್ಲೇ ಮಾತಾಡುತ್ತೇನೆ. "ಇದು ಬಿಸಿಲಿಗೆ ಹೋಗೂ ಐಬೇನ್ರಿ?"

"ಇಲ್ಲ. ಚೀಲದಾಗ ಬೆಳಿಯೂದು."

ಒಂಬತ್ತು ದಿನ ನಾನು ಅವರ ಕಟ್ಟೆಯ ಮೇಲೆ ಕೂರಲಿಲ್ಲ. ಹತ್ತನೆಯ ದಿನ ಬಿಚ್ಚುವ ಲ್ಯಾಪ್‌ಟಾಪನ್ನೇ ತರಿಸಲು ಬರೆದೆ. ಮಾರ್ಚ್ ಮುಗಿಯಲು ಮೂರು ದಿನ ಇತ್ತು. ಬಿಲ್ಲು ಒಪ್ಪಿಸಿದೆ. ಒಂದೂವರೆ ವರ್ಷ ಯಂತ್ರ ಕೆಟ್ಟಿತೆಂಬ ಮಾತೇ ಇರಲಿಲ್ಲ. ನಾನೇ ಮೆಮೊರಿ ಹೆಚ್ಚಿಸಿದೆ, ನಾನೇ ಧೂಳು ಒರೆಸಿದೆ. ಚಹಾ ಕುದಿಯುವ ಮೊದಲೇ ಹೊಳೆ ಪೂರ್ತಿ ತೆರೆದುಕೊಳ್ಳುತ್ತಿತ್ತು. ಕಾಕಾ ಹೇಳಿದ ಆ ಕೊನೆಯ ಐಬು ಸುಳ್ಳೆಂದು ನನಗೆ ನಾನೇ ಹೇಳಿಕೊಂಡೆ.

ಪ್ರಬಂಧ ಒಪ್ಪಿಸಲು ಮೂರು ವಾರ ಇದ್ದಾಗ ಅದು ನಿಂತಿತು. ಗುಂಡಿ ಒತ್ತಿದರೆ ದೀಪವೂ ಇಲ್ಲ, ಸದ್ದೂ ಇಲ್ಲ. ಡಿಸ್ಕು ಸರಿಯಿತ್ತು, ಬರೆದದ್ದೆಲ್ಲ ಅದರಲ್ಲಿ ಭದ್ರವಾಗಿತ್ತು. ಸತ್ತದ್ದು ಮುಖ್ಯ ಬೋರ್ಡು. ಕಂಪನಿಯವರು ಸಭ್ಯವಾಗಿ ಉತ್ತರ ಬರೆದರು: ಹೊಸ ಬೋರ್ಡು ಬರಲು ಹದಿನೆಂಟು ದಿನ. ಉಳಿದ ಮೂರು ದಿನದಲ್ಲಿ ಬಾಕಿಯಿದ್ದ ಹನ್ನೆರಡು ನಕ್ಷೆ ಮುಗಿಯುವಂತಿರಲಿಲ್ಲ. ಅಪ್ಪನ ಕಂಪ್ಯೂಟರಿಗೆ ಆ ಚಿತ್ರಗಳನ್ನು ಎತ್ತುವ ಶಕ್ತಿ ಇರಲಿಲ್ಲ. ನನ್ನ ಡಿಸ್ಕು, ನನ್ನ ಮೆಮೊರಿ ಎರಡನ್ನೂ ಹಾಕಿದ ಕೂಡಲೇ ನಡೆಯುವ ಯಂತ್ರ ಜಿಲ್ಲೆಯಲ್ಲಿ ಇನ್ನೊಂದೇ ಇತ್ತು. ಅದು ಹಲ್ಲಿನ ಡಾಕ್ಟರ ಮೇಜಿನ ಮೇಲಿತ್ತು. ಅದನ್ನು ಹದಿನೆಂಟು ದಿನ ಕೊಡಿ ಎಂದು ಕೇಳಬೇಕಾಗಿತ್ತು.

ನಾನು ಎರಡು ದಿನ ಕತ್ತಲೆ ಪರದೆಯ ಮುಂದೆ ಕುಳಿತೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಮೂರನೆಯ ದಿನ ಬೆಳಿಗ್ಗೆ ತಾರಸಿಯ ಮೇಲೆ ಹಪ್ಪಳ ಒಣಗಿಸಲು ಬಂದ ಕಾಕು ಕಿಟಕಿಯಲ್ಲಿ ನನ್ನನ್ನೂ ಆ ಪರದೆಯನ್ನೂ ನೋಡಿ, ಸರಸರನೆ ಕೆಳಗಿಳಿದು ಹೋದರು. ಐದು ನಿಮಿಷಕ್ಕೆ, ಕೆಳಗೆ ಬಾ ಎಂದು ಕಾಕಾನಿಂದ ನನಗೆ ಕರೆ ಬಂತು.

ಕಾಕಾ ಆಗ ಮಂಚ ಹಿಡಿದಿದ್ದರು. ಹೃದಯದ ತೊಂದರೆ, ಹೊಸ್ತಿಲು ದಾಟಬೇಡಿ ಎಂದು ಆಸ್ಪತ್ರೆಯ ಡಾಕ್ಟರು ಹೇಳಿದ್ದರು.

"ಆ ಹಲ್ಲಿನ ಬಾಯಾರಿಗೆ ಫೋನ್ ಮಾಡಿದೇನು?"

"ಇಲ್ರಿ."

"ಯಾಕ?"

"ಹೆಂಗ ಕೇಳೂದ್ರಿ ಕಾಕಾ? ಅವರಿಗೂ ಕೆಲಸ ಇರತೈತಿ."

ಅವರು ಹೊದಿಕೆ ಪಕ್ಕಕ್ಕೆ ಸರಿಸಿದರು. ಆಮೇಲೆ ಕಾಕುವಿಗೆ, "ನನ್ನ ಅಂಗಿ ತಾ," ಎಂದರು.

"ಅಂಗಿ ಯಾಕ್ರಿ?"

"ಹಾವೇರಿಗೆ ಹೊಂಟೇನಿ."

"ಡಾಕ್ಟ್ರು ಏನ್ ಹೇಳ್ಯಾರ?"

"ಅವ್ರು ಎದಿ ಡಾಕ್ಟ್ರು. ಇವ್ರು ಹಲ್ಲಿನ ಡಾಕ್ಟ್ರು. ಅವ್ರಿಗೂ ಇವ್ರಿಗೂ ಸಂಬಂಧಿಲ್ಲ." ಎದ್ದು ಕುಳಿತು, ಗೂಟದಲ್ಲಿದ್ದ ಅಂಗಿಯನ್ನು ತಾವೇ ಎಳೆದುಕೊಂಡರು. ಮೊದಲನೆಯ ಗುಂಡಿ ಎರಡನೆಯ ಕಾಜಕ್ಕೆ ಹೋಯಿತು. ಕಾಲು ಮಂಚದ ಕೆಳಗೆ ಚಪ್ಪಲಿ ಹುಡುಕುತ್ತಿತ್ತು. ಕಾಕು ಬಾಗಿಲಿಗೆ ಅಡ್ಡ ನಿಂತರು. "ಹೋಗ್ರಿ ನೋಡೂನು! ನನ್ನ ದಾಟಿ ಹೋಗ್ರಿ!" ಎಂದವರು ನನ್ನ ಕಡೆ ತಿರುಗಿ ದನಿ ಏರಿಸಿದರು. "ಏನ್ ನೋಡ್ಕೋತ ನಿಂತೀ ತಾಯಿ? ನಿನ್ನ ಬಾಯಿ ಬಿಚ್ಚಾಕ ಯಾವ ಸ್ಕ್ರೂ ತಿರುವಬೇಕು ಹೇಳಾರ ಹೇಳು!"

ಕಾಕಾನ ಕಾಲಿಗೆ ಒಂದು ಚಪ್ಪಲಿ ಸಿಕ್ಕಿತ್ತು. ನಾನು ಫೋನು ತೆಗೆದೆ.

ಹಲ್ಲಿನ ಡಾಕ್ಟರು ಕರೆ ಎತ್ತಿಕೊಂಡರು. ನನ್ನ ಹೆಸರು ಹೇಳಿದೆ, ಊರು ಹೇಳಿದೆ, ಯಾವ ವರ್ಷ ಯಾವ ತಿಂಗಳು ಬಂದಿದ್ದೆವೆಂದು ಹೇಳಿದೆ, ಬೋರ್ಡಿನ ಮಾದರಿಯ ಸಂಖ್ಯೆ ಹೇಳಿದೆ. ಕೇಳಬೇಕಾದದ್ದನ್ನು ಮಾತ್ರ ಕೇಳಲಿಲ್ಲ. ಮಂಚದ ಮೇಲಿಂದ ಕಾಕಾ, "ಕೇಳು, ಕೇಳು," ಎಂದು ಕೈ ಮಾಡುತ್ತಿದ್ದರು.

"ನಿಮ್ ಲ್ಯಾಪ್‌ಟಾಪ್ ಹೋಯ್ತಾ?" ಎಂದರು ಡಾಕ್ಟರು.

"ಹೌದು. ನಿಮ್ಮದು ಹದಿನೆಂಟು ದಿನ ನನಗೆ ಬೇಕು." ಇದಕ್ಕಿಂತ ಮರ್ಯಾದೆಯಿಂದ ಹೇಳುವ ವಾಕ್ಯವೊಂದನ್ನು ಎರಡು ದಿನದಿಂದ ಸಿದ್ಧಮಾಡಿಕೊಂಡಿದ್ದೆ. ಅದು ಬರಲಿಲ್ಲ.

ಆ ಕಡೆ ಕೀಲಿಮಣೆ ಕುಟ್ಟುವ ಸದ್ದು ಕೇಳಿತು. ಆಮೇಲೆ, "ನಾಳೆ ಒಂದ್ ಗಂಟೆಗೆ ಬನ್ನಿ. ಆ ಅಂಕಲ್ ಬರ್ತಾರಾ?"

"ಇಲ್ಲ."

"ಸದ್ಯ," ಎಂದರು ಡಾಕ್ಟರು.

ಕಾಕಾ ಚಪ್ಪಲಿ ಬಿಟ್ಟು, ಗೋಡೆಯ ಕಡೆ ಮುಖ ಮಾಡಿ ಮಲಗಿದರು.

ಹಾವೇರಿಗೆ ಒಬ್ಬಳೇ ಹೋದೆ. ಅದೇ ಕುರ್ಚಿ, ಅದೇ ದೀಪ. ಡಾಕ್ಟರ ಯಂತ್ರದಿಂದ ಅವರ ಡಿಸ್ಕು ತೆಗೆದು ಅವರ ಕೈಗೆ ಕೊಟ್ಟೆ. ಪೇಷಂಟುಗಳ ಹಲ್ಲಿನ ಅಚ್ಚು ಇಡುವ ಸಣ್ಣ ಡಬ್ಬಿಯೊಂದರಲ್ಲಿ ಅವರು ಅದನ್ನಿಟ್ಟು, ಮೇಲೆ ತಮ್ಮ ಹೆಸರು ಬರೆದರು. ಹದಿನೆಂಟು ದಿನ ಪೇಷಂಟುಗಳ ಸರದಿಯನ್ನು ಪೆನ್ನಿನಲ್ಲಿ ಬರೆಯುತ್ತೇನೆ, ಕಾಲೇಜಿನಲ್ಲಿದ್ದಾಗ ನನ್ನ ಅಕ್ಷರ ಚೆನ್ನಾಗಿತ್ತು ಎಂದರು. ನನ್ನ ಡಿಸ್ಕು, ನನ್ನ ಮೆಮೊರಿ ಕೂರಿಸಿ ಗುಂಡಿ ಒತ್ತಿದೆ. ಪರದೆ ಬೆಳಗಿ, ನಾನು ಬಿಟ್ಟಲ್ಲಿಂದಲೇ ಐರಣಿಯ ಹತ್ತಿರದ ಹೊಳೆ ಎದ್ದುಬಂತು. ಡಾಕ್ಟರು ಬಗ್ಗಿ ನೋಡಿ, "ಇದ್ಯಾವ ನದಿ?" ಎಂದರು. ನಾನು ಹೇಳಿದೆ. ದಂಡೆ ಎಲ್ಲಿ ಸರಿದಿದೆಯೆಂದು ತೋರಿಸಿದೆ. ಎರಡೂವರೆಯ ಪೇಷಂಟು ಬಂದು ಕೆಮ್ಮಿದ ಮೇಲೆ ಎದ್ದೆ.

ಸಂಜೆ ನಾಲ್ಕೂವರೆಗೆ ಮನೆಯ ಗೇಟು ತೆಗೆದಾಗ ಕಾಕಾ ಕಟ್ಟೆಯ ಮೇಲಿದ್ದರು. ಹೊಸ್ತಿಲು ದಾಟಬಾರದು ಎಂದದ್ದಕ್ಕೆ ಕುರ್ಚಿಯನ್ನು ಹೊಸ್ತಿಲ ಹೊರಗಿಟ್ಟು ಕಾಲು ಒಳಗೆ ಚಾಚಿದ್ದರು. ನನ್ನ ಚೀಲದ ಕಡೆ ನೋಡಿದರು. ಏನಾಯಿತು ಎಂದು ಕೇಳಲಿಲ್ಲ.

ನಾನು ಮೆಟ್ಟಿಲಿನ ಕಡೆ ಹೋಗುತ್ತಿದ್ದವಳು ತಿರುಗಿ ಬಂದು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕುಳಿತೆ.

"ಏನಾತಂದ್ರ ಕಾಕಾ..."

ಬಸ್ಸು ತಡವಾದದ್ದರಿಂದ ಶುರುಮಾಡಿದೆ. ಪಕ್ಕದ ಸೀಟಿನವಳು ಕೇಳಿದ್ದನ್ನು ಹೇಳಿದೆ, ಡಾಕ್ಟರ ಹೊಸ ಕನ್ನಡಕದ ಬಗ್ಗೆ ಹೇಳಿದೆ, ಒಂದು ಸ್ಕ್ರೂ ಬಿಗಿಯಾಗಿದ್ದದ್ದನ್ನು ಹೇಳಿದೆ. ಕಾಕು ಚಹಾ ತಂದಿಟ್ಟು ಅಲ್ಲೇ ನಿಂತರು. ಮಧ್ಯದಲ್ಲಿ ಕಾಕಾ ಒಂದೇ ಸಲ ಬಾಯಿ ಹಾಕಿದರು: "ಲಗೂ ಮುಗಸವ್ವಾ, ನಿಂದು ಹನ್ನೆರಡು ನಕ್ಷೆ ಉಳದಾವ."

ನಾನು ಲಗೂ ಮುಗಿಸಲಿಲ್ಲ.